ಎರಡು ಬಾಟಲಿ ನೊಣ ಮತ್ತು ಒಂದು ಚೀಟಿ

ನಮ್ಮ ಬಳಗದಲ್ಲಿ ಒಂದು ಕಥೆ ಓಡಾಡುತ್ತದೆ. ಗದಗದಿಂದ ಮುಂಡರಗಿಯವರೆಗೆ ಎಲ್ಲಿ ಪಂಕ್ತಿ ಹಾಕಿದರೂ, ಎರಡನೇ ಸಲ ಅನ್ನ ಬರುವ ಹೊತ್ತಿಗೆ ಯಾರಾದರೊಬ್ಬರು ಅದನ್ನು ಎತ್ತುತ್ತಾರೆ. ಕಥೆ ಇಷ್ಟು: ಲಕ್ಷ್ಮೇಶ್ವರದ ಮಲ್ಲೇಶನಿಗೆ ಮದುವೆಯಾಗಿ ಆರು ವರ್ಷವಾದರೂ ಮಕ್ಕಳಾಗಲಿಲ್ಲ. ಹೆಂಡತಿಯನ್ನು ತವರಿಗೆ ಕಳಿಸಿ ಬೇರೆ ಹೆಣ್ಣು ತರುವ ಮಾತು ನಡೆದಿತ್ತು. ಅಷ್ಟರಲ್ಲಿ ಬೆಟಗೇರಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದ ಅವನ ಚಿಕ್ಕಪ್ಪನ ಮಗಳು, ಅಂದರೆ ನಾನು, ಎರಡು ಬಾಟಲಿ ನೊಣ ತಂದು ತೋರಿಸಿ, ತಪ್ಪು ಹೆಂಗಸಿನದೇ ಇರಬೇಕೆಂದಿಲ್ಲ ಎಂದು ಸಾಧಿಸಿದಳು. ಮಲ್ಲೇಶನ ಕಣ್ಣು ತೆರೆಯಿತು. ಮರುವಾರವೇ ಹುಬ್ಬಳ್ಳಿಗೆ ಹೋಗಿ ತಾನೇ ತಪಾಸಣೆ ಮಾಡಿಸಿಕೊಂಡ. ಈಗ ನಾಲ್ಕು ವರ್ಷದ ಮಗಳಿದ್ದಾಳೆ. "ನೊಣ ಸಂಸಾರ ಉಳಿಸ್ತ ನೋಡ್ರಿ" ಎಂದು ಮುಗಿಸಿ, ಹೇಳಿದವರು ಮಜ್ಜಿಗೆ ಕೇಳುತ್ತಾರೆ.

ಸುಳ್ಳು ಹೇಳಬಾರದು, ಈ ಕಥೆ ನನಗೆ ಬಹಳ ಸೇರುತ್ತಿತ್ತು. ಯಾರಾದರೂ ಶುರು ಮಾಡಿದರೆ ಎಲೆಯ ಮೇಲಿನ ಉಪ್ಪಿನಕಾಯಿ ನೋಡುತ್ತ, ಏನೂ ಕೇಳಿಸದವಳಂತೆ, ಒಂದಕ್ಷರ ಬಿಡದೆ ಕೇಳುತ್ತಿದ್ದೆ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ಹೋಗಿ ಗೆದ್ದ ಪ್ಲಾಸ್ಟಿಕ್ ಕಪ್ಪುಗಳು ಮನೆಯ ಶೋಕೇಸಿನಲ್ಲಿ ಧೂಳು ತಿನ್ನುತ್ತಿವೆ. ಒಬ್ಬ ಮನುಷ್ಯನ ಬದುಕು ಬದಲಿಸಿದ ವಾದ ಇದೊಂದೇ ಎಂದು ನನ್ನ ಎಣಿಕೆಯಾಗಿತ್ತು. ಈಗ ಆ ಎಣಿಕೆ ತಪ್ಪಿದೆ. ಕಥೆಯಲ್ಲಿ ಸುಳ್ಳಿದೆ, ಅದರಲ್ಲಿ ಒಂದು ಪಾಲು ನನ್ನದೇ.

ಹೋದ ವಾರ ಲಕ್ಷ್ಮೇಶ್ವರಕ್ಕೆ ಹೋಗಿದ್ದೆ. ಮಲ್ಲೇಶಣ್ಣನ ಹೆಂಡತಿ ಶಕುಂತಲಾ ವೈನಿ ಸಜ್ಜಕ ಮಾಡುತ್ತಿದ್ದಳು. ರವೆ ಹುರಿದು ಬೆಲ್ಲದ ನೀರು ಹಾಕಿದ ಕೂಡಲೇ ಏಳುವ ಆ ವಾಸನೆಗೆ ನಿಮಗೆಲ್ಲ ಹಬ್ಬ ನೆನಪಾಗಬಹುದು. ನನಗೆ ನೊಣ ನೆನಪಾಗುತ್ತದೆ. ಅಷ್ಟರಲ್ಲಿ ವೈನಿ ಒಲೆ ಬಿಡದೆ ಕೂಗಿ ಹೇಳಿದಳು: "ಮಗಳ ಶಾಲಿಗೆ ಜನ್ಮದಾಖಲೆ ಬೇಕಂತ, ಟ್ರಂಕಿನಾಗ ನೋಡವಾ ತಂಗಿ. ತಳದಾಗ ಒಂದು ಹಳದಿ ಚೀಲ ಐತಿ, ಅದರಾಗ ನೋಡು." ನೋಡಿದೆ. ಜನ್ಮದಾಖಲೆ ಚೀಲದಲ್ಲಿರಲಿಲ್ಲ, ಟ್ರಂಕಿನ ಮೇಲೆಯೇ ಇತ್ತು. ಚೀಲದಲ್ಲಿದ್ದದ್ದು ಬೇರೆ ಚೀಟಿಗಳು, ಅದರಲ್ಲೊಂದು ನಾನು ಎಂದೂ ಕಾಣದ್ದು. ಅದರ ವಿಷಯಕ್ಕೆ ಬರುತ್ತೇನೆ. ವಾದಕ್ಕೆ ಇಳಿದವರು ಕೊನೆಯ ಸಾಕ್ಷಿಯನ್ನು ಮೊದಲೇ ತೆಗೆಯುವುದಿಲ್ಲ. ಇಷ್ಟು ಕಲಿಯದಿದ್ದರೆ ಅಷ್ಟೊಂದು ಕಪ್ಪು ತಂದು ಏನು ಬಂತು?

ಸಜ್ಜಕಕ್ಕೂ ನೊಣಕ್ಕೂ ಏನು ಸಂಬಂಧ ಎಂದು ಕೇಳುತ್ತೀರಿ. ಪ್ರಯೋಗಾಲಯದಲ್ಲಿ ಹಣ್ಣುನೊಣ ಸಾಕುವುದೆಂದರೆ ಅದಕ್ಕೆ ಸಜ್ಜಕ ಉಣಿಸುವುದೇ. ರವೆ, ಬೆಲ್ಲ, ಗಟ್ಟಿಯಾಗಲು ಅಗಾರ್, ಬೂಷ್ಟು ಹಿಡಿಯದಿರಲು ಮೂಗು ಉರಿಸುವ ಒಂದು ಆಮ್ಲ, ಮೇಲೆ ಯೀಸ್ಟು. ತುಪ್ಪ ಮತ್ತು ಏಲಕ್ಕಿ ಮಾತ್ರ ಇಲ್ಲ. ನಮ್ಮ ಪ್ರಾಣಿಶಾಸ್ತ್ರದ ಸರ್ ಲಕ್ಕುಂಡಿಯಿಂದ ಮೊದಲ ಬಸ್ಸಿಗೆ ಬಂದು ಅದನ್ನು ತಾವೇ ಕುದಿಸುತ್ತಿದ್ದರು, ಏಕೆಂದರೆ ಅಟೆಂಡರ್ ತಳ ಹಿಡಿಸುತ್ತಿದ್ದ. ಕುದಿಸಿ ಬಾಟಲಿಗೆ ಸುರಿದು, ಅರಳೆ ಬಿರಡೆ ಹಾಕಿ, ನಾವು ಬರುವ ಹೊತ್ತಿಗೆ ಕೈ ಒರೆಸಿಕೊಳ್ಳುತ್ತಿದ್ದರು. ನಾನು ಮೊದಲ ದಿನವೇ ಏನೋ ವಾದ ತೆಗೆದೆ. "ವಾದ ಆಮ್ಯಾಲ ಮಾಡುವಂತಿ" ಎಂದರು. "ಮೊದಲ ಎಣಸು."

ಎಣಿಸಿದೆ. ಮೂರು ವರ್ಷ ಬರೀ ನೊಣ ಎಣಿಸಿದೆ. ಈಥರ್ ವಾಸನೆಗೆ ಮಲಗಿದ ನೊಣಗಳನ್ನು ಬಿಳಿ ಹೆಂಚಿನ ಮೇಲೆ ಸುರಿದು, ಸಣ್ಣ ಕುಂಚದಿಂದ ಆಚೆ ಹೆಣ್ಣು, ಈಚೆ ಗಂಡು ಎಂದು ಸರಿಸುವುದು. ಗಂಡು ಗುರುತಿಸುವುದು ಕಷ್ಟವಲ್ಲ. ಗಾತ್ರದಲ್ಲಿ ಸಣ್ಣದು, ಹಿಂಬದಿ ಕಪ್ಪು, ಮತ್ತು ಮುಂಗಾಲಿನ ಮೇಲೆ ಸೂಕ್ಷ್ಮದರ್ಶಕದಲ್ಲಿ ಕಾಣುವ ಒಂದು ಕರಿಯ ಬಾಚಣಿಕೆ. ನಿಜವಾಗಿಯೂ ಬಾಚಣಿಕೆ. ಮಲ್ಲೇಶಣ್ಣನೂ ಅಂಗಿಯ ಕಿಸೆಯಲ್ಲಿ ಯಾವಾಗಲೂ ಒಂದು ಕರಿಯ ಬಾಚಣಿಕೆ ಇಟ್ಟುಕೊಂಡಿರುತ್ತಾನೆ. ಕಸಿವಿಸಿಯಾದರೆ ಸಾಕು, ತೆಗೆದು ಮೀಸೆಗೆ ಆಡಿಸುತ್ತಾನೆ. ಮೊದಲ ಸಲ ನೊಣದ ಮುಂಗಾಲು ಕಂಡಾಗ ನಾನು ನಕ್ಕಿದ್ದು ಇದೇ ಕಾರಣಕ್ಕೆ. ಸರ್ ಹೊರಗೆ ಕಳಿಸಿದರು.

ಈಗ ಸ್ವಲ್ಪ ವಿಜ್ಞಾನ. ಹೆದರಬೇಡಿ, ಪರೀಕ್ಷೆಯಿಲ್ಲ. ಎರಡು ಎಕ್ಸ್ ಇದ್ದರೆ ಹೆಣ್ಣು, ಒಂದು ಎಕ್ಸ್ ಒಂದು ವೈ ಇದ್ದರೆ ಗಂಡು ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದಾರಲ್ಲ, ಮನುಷ್ಯರಲ್ಲೂ ಹಾಗೆಯೇ, ಹಣ್ಣುನೊಣದಲ್ಲೂ ಹಾಗೆಯೇ. ಆದರೆ ನೊಣದಲ್ಲಿ ವೈಯನ್ನು ಕೇಳುವವರೇ ಇಲ್ಲ. ಅಲ್ಲಿ ಭ್ರೂಣದ ಜೀವಕೋಶ ಎಣಿಸುವುದು ಎಕ್ಸ್ ಎಷ್ಟಿವೆ ಎಂಬುದನ್ನು. ಎರಡಿದ್ದರೆ ಅವುಗಳ ಸರಕು ಒಟ್ಟಾಗಿ ಒಂದು ದೊಡ್ಡ ಸ್ವಿಚ್ಚನ್ನು ಒತ್ತುತ್ತದೆ, ಹೆಣ್ಣಾಗುತ್ತದೆ. ಒಂದೇ ಇದ್ದರೆ ಒತ್ತುವ ಬಲ ಸಾಲುವುದಿಲ್ಲ, ಸ್ವಿಚ್ಚು ಬೀಳುವುದಿಲ್ಲ, ಗಂಡಾಗುತ್ತದೆ. ಆಮೇಲೆ ಆ ಒಂಟಿ ಎಕ್ಸ್ ಎರಡರ ಕೆಲಸ ಮಾಡಬೇಕಾಗುತ್ತದೆ. ಒಂದಷ್ಟು ಪ್ರೋಟೀನುಗಳು ಅದರ ಬೆನ್ನೇರಿ ಕೂತು ದುಪ್ಪಟ್ಟು ದುಡಿಸುತ್ತವೆ. ಮನೆಯಲ್ಲಿ ಒಬ್ಬಳೇ ಸೊಸೆಯಾದವಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ವೈ ಎಂಬ ಮಹಾಶಯ ಏನು ಮಾಡುತ್ತಾನೆ? ಅದರ ಡಿಎನ್‌ಎ ಅಕ್ಷರಗಳನ್ನು ಸರ್ ಬೋರ್ಡಿನ ಮೇಲೆ ಬರೆದಾಗ ನನಗೆ ಕಾಲೇಜು ವಾರ್ಷಿಕೋತ್ಸವದ ಮುಖ್ಯ ಅತಿಥಿಯ ಭಾಷಣ ನೆನಪಾಯಿತು. ಅಕ್ಷರವೇನೋ ಕೋಟಿಗಟ್ಟಲೆ. ಆದರೆ ಓದುತ್ತ ಹೋದರೆ ಎ ಎ ಟಿ ಎ ಟಿ, ಎ ಎ ಟಿ ಎ ಟಿ, ಎ ಎ ಟಿ ಎ ಟಿ. ಸಾವಿರಾರು ಸಲ. ಆಮೇಲೆ ಇನ್ನೊಂದು ತುಣುಕು, ಅದೂ ಸಾವಿರಾರು ಸಲ. ನಡುವೆ ಎಲ್ಲೋ ಕೈಕಾಲಿನ ಬೆರಳು ಮಡಚಿ ಎಣಿಸಬಹುದಾದಷ್ಟು ಜೀನುಗಳು. ಅವುಗಳ ಹೊಟ್ಟೆಯೊಳಗೂ ಅದೇ ಪಲ್ಲವಿ ತುಂಬಿಕೊಂಡಿರುತ್ತದೆ. ಗಂಡಾಗಿಸುವ ಜೀನು ಅದರಲ್ಲಿ ಒಂದೂ ಇಲ್ಲ. ಇರುವ ಕೆಲವು ಜೀನುಗಳು ವೀರ್ಯಾಣುವಿನ ಬಾಲ ಅಲ್ಲಾಡಿಸುವ ಮೋಟರಿನ ಬಿಡಿಭಾಗ ತಯಾರಿಸುತ್ತವೆ. ಇಷ್ಟೇ ಅದರ ಮುಖ್ಯ ಉದ್ಯೋಗ.

ಸರ್ ಮೈಸೂರು ಕಡೆಯಿಂದ ಒಂದು ವಿಚಿತ್ರ ತಳಿ ತರಿಸಿದ್ದರು. ಅದರ ಗಂಡಿನಲ್ಲಿ ಎಕ್ಸ್ ಮತ್ತು ವೈ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಆ ಗಂಡಿನ ಜೊತೆ ಮಾಮೂಲಿ ಹೆಣ್ಣನ್ನು ಬಿಟ್ಟರೆ, ಹೆಣ್ಣುಮಕ್ಕಳಿಗೆ ಅಪ್ಪನ ಆಸ್ತಿಯೆಲ್ಲ ಒಟ್ಟಿಗೆ ಹೋಗುತ್ತದೆ. ಗಂಡುಮಕ್ಕಳಿಗೆ ಏನೂ ಇಲ್ಲ, ತಾಯಿಯ ಒಂದು ಎಕ್ಸ್ ಅಷ್ಟೇ. ವೈ ಇಲ್ಲದ ಈ ಗಂಡನ್ನು ನೋಡಿದರೆ ನಿಮಗೆ ಕೊರತೆಯೇ ಕಾಣುವುದಿಲ್ಲ. ಬಾಚಣಿಕೆ ಇದೆ. ಒಂದು ರೆಕ್ಕೆ ಚಾಚಿ ಕಂಪಿಸಿ ಹಾಡುತ್ತದೆ. ಹೆಣ್ಣಿನ ಬೆನ್ನು ಹತ್ತುತ್ತದೆ, ಇನ್ನೊಂದು ಗಂಡು ಬಂದರೆ ಜಗಳಕ್ಕೆ ನಿಲ್ಲುತ್ತದೆ. ಎಲ್ಲ ಇದೆ. ಮಕ್ಕಳು ಮಾತ್ರ ಇಲ್ಲ, ಏಕೆಂದರೆ ವೀರ್ಯಾಣು ಇದ್ದಲ್ಲಿಯೇ ಬಿದ್ದಿರುತ್ತದೆ.

ಸರ್ ಇದನ್ನು ಹೇಳುತ್ತಿದ್ದಾಗ ನನ್ನ ಕಣ್ಣ ಮುಂದೆ ನೊಣ ಇರಲಿಲ್ಲ. ಲಕ್ಷ್ಮೇಶ್ವರದ ಬಸ್ ನಿಲ್ದಾಣದ ಹಿಂದಿನ ಮೋಟರ್ ರಿಪೇರಿ ಅಂಗಡಿ ಇತ್ತು.

ಮಲ್ಲೇಶಣ್ಣ ಸುಟ್ಟ ಪಂಪ್ ಮೋಟರುಗಳಿಗೆ ಹೊಸ ತಾಮ್ರದ ತಂತಿ ಸುತ್ತುತ್ತಾನೆ. ಕೈಯಿಂದ ಹಿಡಿಕೆ ತಿರುಗಿಸುವ ಯಂತ್ರ. ಒಂದೊಂದು ಸುತ್ತನ್ನೂ ಬಾಯಿಬಿಟ್ಟು ಎಣಿಸುತ್ತಾನೆ. ಒಂದು ಸುತ್ತು ಹೆಚ್ಚುಕಡಿಮೆಯಾದರೂ ಸುತ್ತಿದ್ದೆಲ್ಲ ಬಿಚ್ಚಬೇಕು. ಆದ್ದರಿಂದ ಆ ಅಂಗಡಿಯಲ್ಲಿ ಒಂದು ಕಟ್ಟಳೆಯಿದೆ: ಎಣಿಕೆ ನಡೆದಾಗ ಯಾರೂ ಮಾತಾಡಿಸಬಾರದು. ಗಿರಾಕಿ ಬಂದರೂ ನಿಲ್ಲಬೇಕು, ಅವ್ವ ಬಂದರೂ ನಿಲ್ಲಬೇಕು. ವೈನಿ ಚಹಾ ತಂದು ಸದ್ದಿಲ್ಲದೆ ಇಟ್ಟು ಹೋಗುತ್ತಾಳೆ. ಮನೆಯಲ್ಲಿ ಕಷ್ಟದ ಮಾತು ಎದ್ದ ದಿನ ಅಣ್ಣನಿಗೆ ಬಹಳ ಮೋಟರ್ ಸುತ್ತುವುದಿರುತ್ತಿತ್ತು, ಅದೇ ಸೋಜಿಗ.

ಆ ವರ್ಷ ಕಷ್ಟದ ಮಾತಿಗೆ ಬರವಿರಲಿಲ್ಲ. ದೊಡ್ಡವ್ವ, ಅಂದರೆ ಮಲ್ಲೇಶಣ್ಣನ ತಾಯಿ, ಸೊಸೆಯನ್ನು ಕಾಣದ ಊರಿಗೆಲ್ಲ ಕರೆದೊಯ್ದು ಬೇರು ನುಂಗಿಸಿದ್ದಳು. ಗದಗಿನ ಡಾಕ್ಟರು ವೈನಿಗೆ ಸೂಜಿ ಚುಚ್ಚಿ, ಬಣ್ಣದ ನೀರು ಹಾಕಿ, ಚಿತ್ರ ತೆಗೆದು ನೋಡಿದ್ದರು. ಜೊತೆಗೆ ಹೋದವಳು ನಾನು. ಎಲ್ಲ ಸರಿಯಿದೆ ಎಂದು ಡಾಕ್ಟರು ಬರೆದುಕೊಟ್ಟರೆ ದೊಡ್ಡವ್ವ ಹಾಳೆಯನ್ನು ತಿರುವಿ ಹಿಂಭಾಗ ನೋಡಿ, "ಇವರಿಗೆ ತಿಳದಿಲ್ಲ" ಎನ್ನುತ್ತಿದ್ದಳು. "ನಿಮ್ಮವರನ್ನೂ ಕರಕೊಂಡ ಬರ್ರಿ" ಎಂದು ಡಾಕ್ಟರು ಎರಡು ಸಲ ಹೇಳಿದ್ದರು. ಅಣ್ಣನಿಗೆ ಆಗಲೂ ಮೋಟರ್ ಇದ್ದವು. ಕೊನೆಗೆ ದೊಡ್ಡವ್ವ ಅಂತೂರ ಬೆಂತೂರಿಗೆ ಹೋಗಿ ಒಂದು ಹೆಣ್ಣನ್ನು ನೋಡಿ ಬಂದಳು. ಅಣ್ಣನೂ ಹೋಗಿದ್ದ. ಅಲ್ಲಿ ಕೊಟ್ಟ ಅವಲಕ್ಕಿ ತಿಂದು ಬಂದನಂತೆ, ಬಂದವನೇ ಮೋಟರ್ ಸುತ್ತಲು ಕೂತ. ವೈನಿಯನ್ನು ಮುಂಡರಗಿಯ ತವರಿಗೆ ಕಳಿಸುವ ದಿನವನ್ನೂ ಗೊತ್ತು ಮಾಡಿದರು: ಅಣ್ಣನ ತಂಗಿ ಸವಿತಾಳ ಕುಬಸ ಮುಗಿಯಲಿ, ಆಮೇಲೆ. ಕುಬಸಕ್ಕೆ ಹೋಳಿಗೆ ಮಾಡುವವರು ಬೇಕಲ್ಲ.

ಕುಬಸವೆಂದರೆ ಬಸುರಿಯನ್ನು ಕೂರಿಸಿ, ಹಸಿರು ಸೀರೆ ಉಡಿಸಿ, ಹೆತ್ತ ಹೆಂಗಸರೆಲ್ಲ ಉಡಿ ತುಂಬುವುದು. ಹೆರದವರಿಗೆ ಒಳಗೆ ಕೆಲಸವಿರುತ್ತದೆ. ಬರಬೇಡ ಎಂದು ಯಾರೂ ಹೇಳುವುದಿಲ್ಲ. "ಶಕುಂತಲಾ, ಹೂರಣ ನೋಡವಾ" ಎನ್ನುತ್ತಾರೆ, ಅಷ್ಟೇ.

ಸವಿತಾಳ ಕುಬಸಕ್ಕೆ ನಾನು ಗದಗಿನಿಂದ ಬಸ್ಸಿನಲ್ಲಿ ಎರಡು ಬಾಟಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ಒಂದರಲ್ಲಿ ಮಾಮೂಲಿ ಜೋಡಿಗಳು. ಅದರ ಸಜ್ಜಕವೆಲ್ಲ ಮರಿಹುಳು ಉತ್ತು ಹದಗೆಟ್ಟಿತ್ತು, ಗಾಜಿನ ತುಂಬ ನೊಣವಾಗುವ ಮೊದಲು ಅವು ಕಟ್ಟುವ ಕೋಶ ಅಂಟಿದ್ದವು. ಇನ್ನೊಂದರಲ್ಲಿ ವೈ ಇಲ್ಲದ ಗಂಡುಗಳು, ಮೊದಲ ಬಾಟಲಿಯ ಹೆಣ್ಣುಗಳ ಅಕ್ಕತಂಗಿಯರ ಜೊತೆ. ಅದರ ಸಜ್ಜಕ ತಟ್ಟೆಗೆ ಸುರಿದ ಹಾಗೆ ನುಣ್ಣಗಿತ್ತು. ಸರ್‌ಗೆ ಹೇಳಿರಲಿಲ್ಲ. ಹೇಳಿದ್ದರೆ ಮೊದಲ ಎಣಸು ಅನ್ನುತ್ತಿದ್ದರು.

ಆರತಿಗೆ ಇನ್ನೂ ಹೊತ್ತಿತ್ತು. ಬಾಟಲಿಗಳನ್ನು ಉಡಿಯ ತಟ್ಟೆಗಳ ಪಕ್ಕದಲ್ಲೇ ಇಟ್ಟೆ.

"ಏನವ್ವಾ ಇದು, ಕುಬಸಕ್ಕ ನೊಣ ಉಡಗೊರಿ ತಂದೀಯೇನು?" ಎಂದಳು ದೊಡ್ಡವ್ವ.

"ಎರಡರಾಗೂ ಗಂಡ ಹೆಣ್ಣ ಅದಾವ ದೊಡ್ಡವ್ವಾ. ಇದರಾಗ ಮರಿ ತುಂಬ್ಯಾವ. ಇದರಾಗ ಒಂದೂ ಇಲ್ಲ. ಯಾಕಂತ ಹೇಳು."

"ಇದರಾಗಿನ ಹೆಣ್ಣು ಬಂಜಿ." ಯೋಚನೆಗೆ ಅರೆಕ್ಷಣವೂ ಹಿಡಿಯಲಿಲ್ಲ.

"ಎರಡೂ ಬಾಟ್ಲಿ ಹೆಣ್ಣು ಒಂದ ತಾಯಿ ಮಕ್ಕಳು."

"ಒಂದ ತಾಯಿ ಮಕ್ಕಳು ಒಂದ ಥರ ಇರ್ತಾರೇನು? ನಿಮ್ಮಪ್ಪ, ನಮ್ಮನಿಯವರು ಒಂದ ತಾಯಿ ಮಕ್ಕಳು. ನಿಮ್ಮಪ್ಪ ಹೇಳಿದ ಮಾತು ಕೇಳ್ತಾನ, ಇವರು ಕೇಳ್ತಾರೇನು?" ಪಡಸಾಲೆಯೆಲ್ಲ ನಕ್ಕಿತು. ಆಮೇಲೆ ಅವಳು ಕೇಳಿದ ಪ್ರಶ್ನೆಗೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ. ಮೂರು ವರ್ಷ ವಿಜ್ಞಾನ ಓದಿದವರಿಗೆ ಹೊಳೆಯದ ಪ್ರಶ್ನೆ ಅದು. "ಅಲ್ಲಬೇ, ಹೆಣ್ಣು ಬದಲಿ ಮಾಡಿ ನೋಡೀರೇನು?"

"ನೋಡೇವಿ. ಮೂರು ಸಲ ಹೊಸಾ ಹೆಣ್ಣು ಬಿಟ್ವಿ."

"ಏನಾತು?"

"ಮೂರೂ ಸಲ ಬಾಟ್ಲಿ ಖಾಲಿ."

ಅಂತೂರ ಬೆಂತೂರಿನ ಹೆಣ್ಣಿನ ವಿಷಯ ಅಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು. ಗೋಡೆಗೆ ಆತು ಕೂತ ಮುದುಕಿಯೊಬ್ಬಳು ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸಿದಳು. ದೊಡ್ಡವ್ವ ಸೋಲಲಿಲ್ಲ. "ಗಂಡ ಸರಿ ಇಲ್ಲಂದ್ರ ಅದು ಗಂಡ ಹೆಂಗಾತು?"

"ನೋಡಾಕ ಗಂಡ. ಹಾಡ್ತೈತಿ, ಕುಣೀತೈತಿ, ಜಗಳಾನೂ ಆಡ್ತೈತಿ. ಬೀಜ ಅಷ್ಟ ಓಡಂಗಿಲ್ಲ."

ಹೊರಗೆ ಕಟ್ಟೆಯ ಮೇಲಿನ ಗಂಡಸರಲ್ಲಿ ಒಬ್ಬರು ಕೆಮ್ಮಿದರು. ಆಗ ಅಡುಗೆಮನೆಯ ಬಾಗಿಲಿನಿಂದ ವೈನಿಯ ದನಿ ಬಂತು. ಕೈತುಂಬ ಕಣಕ ಮೆತ್ತಿಕೊಂಡಿತ್ತು. ಆರು ವರ್ಷದಲ್ಲಿ ಪಡಸಾಲೆಯ ಮಾತಿಗೆ ಅವಳು ಬಾಯಿ ಹಾಕಿದ್ದನ್ನು ನಾನು ಕಂಡಿರಲಿಲ್ಲ.

"ಆ ಖಾಲಿ ಬಾಟ್ಲಿ ಹೆಣ್ಣನ್ನ ಬ್ಯಾರೆ ಗಂಡಿನ ಜೋಡಿ ಬಿಟ್ಟಿದ್ರೇನು?"

ಹಂಚಿನ ಮೇಲೆ ಹೋಳಿಗೆ ಸುಡುವ ಸದ್ದು ಕೇಳುತ್ತಿತ್ತು.

"ಬಿಟ್ಟಿದ್ವಿ ವೈನಿ."

"ಏನಾತು?"

"ಬಾಟ್ಲಿ ತುಂಬ ಮರಿ."

"ಹೂಂ" ಎಂದು ಒಳಗೆ ಹೋಗಿ ಹೋಳಿಗೆ ತಿರುವಿ ಹಾಕಿದಳು. ಮಲ್ಲೇಶಣ್ಣ ಆ ಬಾಗಿಲ ಪಕ್ಕದಲ್ಲೇ ನಿಂತಿದ್ದ. ಕಿಸೆಯಿಂದ ಬಾಚಣಿಕೆ ತೆಗೆದ, ನೋಡಿದ, ಹಾಗೇ ಇಟ್ಟುಕೊಂಡ.

ಬಸುರಿ ಸವಿತಾ ಮೆಲ್ಲಗೆ ಕೇಳಿದಳು: "ಮನಷ್ಯಾರಾಗೂ ಹಿಂಗ ಏನು?"

"ಹಿಂಗ" ಎಂದೆ.

ಹೇಳಿದ್ದೆನಲ್ಲ, ಸುಳ್ಳಿನಲ್ಲಿ ನನ್ನ ಪಾಲು. ಮನುಷ್ಯರಲ್ಲಿ ಹಾಗಿಲ್ಲ. ನಮ್ಮಲ್ಲಿ ಗಂಡಾಗಿಸುವ ಜೀನು ವೈ ಮೇಲೆಯೇ ಇದೆ. ವೈ ಇಲ್ಲದೆ ಬರೀ ಒಂದು ಎಕ್ಸ್ ಇರುವ ಮನುಷ್ಯಜೀವ ಹುಟ್ಟಿದರೆ ಹೆಣ್ಣಾಗಿ ಹುಟ್ಟುತ್ತದೆ, ಮೀಸೆ ಬಾಚಿಕೊಳ್ಳುವುದಿಲ್ಲ. ನೊಣದಿಂದ ಅಣ್ಣನವರೆಗೆ ನಾನು ಹಾಕಿದ ಸೇತುವೆಗೆ ನಡುವೆ ಕಂಬವೇ ಇರಲಿಲ್ಲ, ಮತ್ತು ಅದು ನನಗೆ ಚೆನ್ನಾಗಿ ಗೊತ್ತಿತ್ತು. ಎದುರಾಳಿಗೆ ಗೊತ್ತಿಲ್ಲದ ಅಂಶವನ್ನು ನಾವೇ ಎತ್ತಬಾರದು ಎಂದು ಚರ್ಚಾಸ್ಪರ್ಧೆಗೆ ತಯಾರು ಮಾಡುವಾಗ ಕಲಿಸಿದ್ದರು. ಎತ್ತಲಿಲ್ಲ.

ದೊಡ್ಡವ್ವ ಅಷ್ಟಕ್ಕೇ ಬಿಡುವವಳಲ್ಲ. ಮರಿಯಿದ್ದ ಬಾಟಲಿಯನ್ನು ಎತ್ತಿ, ಅರಳೆ ಕಿತ್ತು, ಮೂಗಿಗೆ ಹಿಡಿದು, "ಸಜ್ಜಕ ಹಾಳ ಮಾಡೀರಿ" ಎಂದಳು. ನೂರಾರು ನೊಣ ಎದ್ದು ನೇರವಾಗಿ ಉಡಿಯ ಬಾಳೆಹಣ್ಣಿನ ಮೇಲೆ ಕೂತವು. ಹೆಂಗಸರೆಲ್ಲ ಸೆರಗು ಬೀಸುತ್ತ ಎದ್ದರು. ಪಂಕ್ತಿಯಲ್ಲಿ ಹೇಳುವ ಕಥೆಯಲ್ಲಿ ಈ ಭಾಗ ಬಹಳ ಉದ್ದವಿರುತ್ತದೆ. ವೈನಿಯ ಪ್ರಶ್ನೆ ಇರುವುದೇ ಇಲ್ಲ. ನಾನೂ ಇಷ್ಟು ವರ್ಷ ತಿದ್ದಲಿಲ್ಲ, ಏಕೆಂದರೆ ಅದನ್ನು ಸೇರಿಸಿದರೆ ವಾದ ಗೆದ್ದವಳು ನಾನಲ್ಲ, ಅವಳು.

ಮುಂದಿನದು ನಿಮಗೆ ಗೊತ್ತು. ಮರುವಾರ ಅಣ್ಣ ಹುಬ್ಬಳ್ಳಿಗೆ ಹೋದ. ವೀರ್ಯಾಣು ಕಡಿಮೆ, ಇದ್ದವೂ ಓಡುವುದಿಲ್ಲ ಎಂದು ಬಂತು. ಕಾರಣ ವೈ ಅಲ್ಲ, ಅಲ್ಲಿಯ ರಕ್ತನಾಳ ಉಬ್ಬಿತ್ತಂತೆ. ಸಣ್ಣ ಶಸ್ತ್ರಕ್ರಿಯೆ, ಒಂದಷ್ಟು ತಿಂಗಳ ಔಷಧ, ಆಮೇಲೆ ಮಗಳು. ವೈನಿ ಮುಂಡರಗಿಗೆ ಹೋದದ್ದು ಹೆರಿಗೆಗೆ. ನನ್ನ ಕಾರಣ ತಪ್ಪಾಗಿ ತೀರ್ಪು ಮಾತ್ರ ಸರಿಯಾಯಿತು, ಕೆಲವು ಸಲ ಕಪ್ಪು ಹಾಗೂ ಬರುತ್ತದೆ. ಊರೆಲ್ಲ ಅಣ್ಣನನ್ನು ಹೊಗಳಿತು. ತಾನೇ ಹೋಗಿ ತೋರಿಸಿಕೊಂಡ, ಎಂಥ ತಿಳುವಳಿಕೆಯವ ಎಂದರು. ವೈನಿಗೆ ಬಣ್ಣದ ನೀರು ಹಾಕಿದಾಗ ಯಾರೂ ಆಕೆಯ ತಿಳುವಳಿಕೆಯನ್ನು ಹೊಗಳಿದ್ದು ನೆನಪಿಲ್ಲ.

ಈಗ ಹಳದಿ ಚೀಲ. ಅದರಲ್ಲಿ ಹುಬ್ಬಳ್ಳಿಯ ತಪಾಸಣೆಯ ಎರಡು ಚೀಟಿಗಳಿದ್ದವು. ಒಂದು ನಾನು ಬಲ್ಲದ್ದು, ಕುಬಸದ ಮರುವಾರದ್ದು. ಇನ್ನೊಂದರ ಮೇಲೂ ಅಣ್ಣನ ಹೆಸರೇ, ಬೇರೆ ಲ್ಯಾಬು, ಬರೆದ ಮಾತು ಅದೇ: ಕಡಿಮೆ, ಚಲನೆಯಿಲ್ಲ. ತಾರೀಖು ನೋಡಿದೆ. ಕುಬಸಕ್ಕಿಂತ ಹನ್ನೊಂದು ತಿಂಗಳು ಮೊದಲಿನದು. ನಾಲ್ಕಾಗಿ ಮಡಚಿದ ಗೆರೆಗಳಲ್ಲಿ ಗ್ರೀಸ್ ಇಳಿದಿತ್ತು.

ಹನ್ನೊಂದು ತಿಂಗಳು. ಬೇರು ಆಮೇಲಿನದು. ಬಣ್ಣದ ನೀರು ಆಮೇಲಿನದು. ಅಂತೂರ ಬೆಂತೂರಿನ ಅವಲಕ್ಕಿ ಆಮೇಲಿನದು. ಜನರಿಗೆ ಸಾಕ್ಷಿಯ ಕೊರತೆಯಿದೆ, ಒದಗಿಸಿದರೆ ತಿದ್ದಿಕೊಳ್ಳುತ್ತಾರೆ ಎಂಬುದು ನನ್ನಂಥವರ ಮತ. ಆ ನಂಬಿಕೆಯ ಮೇಲೆ ಬಸ್ಸಿನಲ್ಲಿ ನೊಣ ಹೊತ್ತು ಹೋಗಿದ್ದೆ. ಆ ಪಡಸಾಲೆಯಲ್ಲಿ ಸಾಕ್ಷಿಯ ಅಗತ್ಯವೇ ಇಲ್ಲದ ಒಬ್ಬನೇ ಒಬ್ಬ ಮನುಷ್ಯ ಬಾಚಣಿಕೆ ಹಿಡಿದು ನಿಂತಿದ್ದ, ನಾನು ವಾದಿಸುತ್ತಿದ್ದದ್ದು ಅವನಿಗಾಗಿ. ಹಾಗೆಂದು ಬೀಗಲೂ ಆಗಲಿಲ್ಲ. ಗೊತ್ತಿದ್ದದ್ದನ್ನು ಮಡಚಿ ಇಟ್ಟುಕೊಂಡವರು ಆ ದಿನ ಅಲ್ಲಿ ಇಬ್ಬರಿದ್ದೆವು. ನನ್ನದು ಒಂದು ನಿಮಿಷದ್ದು, ಅವನದು ಹನ್ನೊಂದು ತಿಂಗಳಿನದು.

ಅಡುಗೆಮನೆಗೆ ಹೋದೆ. ವೈನಿ ಸಜ್ಜಕ ತಿರುವುತ್ತಿದ್ದಳು. ನನ್ನ ಕೈಯಲ್ಲಿದ್ದದ್ದನ್ನು ನೋಡಿದಳು, ಮುಖ ನೋಡಿದಳು.

"ಸಿಕ್ತೇನು?"

"ಜನ್ಮದಾಖಲೆ ಮ್ಯಾಲೇ ಇತ್ತಲ್ಲ ವೈನಿ."

"ಹೌದೇನು" ಎಂದಳು, ಚೀಲ ನೋಡೆಂದು ಹೇಳಿದ್ದೇ ತಾನಲ್ಲ ಎಂಬಂತೆ. "ಅಂಗಡಿಗೆ ಚಾ ಒಯ್ಯಬೇಕಿತ್ತು. ನೀನ ಒಯ್ಯಿ."

ಒಯ್ದೆ. ಮಲ್ಲೇಶಣ್ಣ ಎಣಿಸುತ್ತಿದ್ದ. ಕಟ್ಟಳೆಯಂತೆ ಚಹಾ ಸದ್ದಿಲ್ಲದೆ ಇಟ್ಟೆ, ಅದರ ಪಕ್ಕದಲ್ಲಿ ಚೀಟಿ ಬಿಡಿಸಿಟ್ಟೆ. ಅವನು ಅದನ್ನು ನೋಡಿದ. ಹಿಡಿಕೆ ನಿಂತಿತು, ತಂತಿ ನಿಂತಿತು. ಬಾಯಿ ಮಾತ್ರ ನಲವತ್ತೊಂದು, ನಲವತ್ತೆರಡು, ನಲವತ್ತಮೂರು ಎನ್ನುತ್ತಲೇ ಇತ್ತು. ಸರ್ ಹೇಳಿದ್ದಂತೆ ನಾನು ಆ ಹನ್ನೊಂದು ತಿಂಗಳನ್ನು ಮೊದಲು ಎಣಿಸಿಕೊಂಡೇ ಬಂದಿದ್ದೆ. ಆದ್ದರಿಂದ ಆ ಅಂಗಡಿಯಲ್ಲಿ ಇದುವರೆಗೆ ಯಾರೂ ಮಾಡದ ಕೆಲಸ ಮಾಡಿದೆ, ಎಣಿಕೆಯ ನಡುವೆ ಮಾತಾಡಿಸಿದೆ.

"ಅಣ್ಣಾ, ಕುಬಸದ ದಿನ ವೈನಿ ಅಡಗಿಮನಿ ಬಾಗಲದಾಗ ನಿಂತು ಆ ಮಾತು ಕೇಳಿದಾಗ, ಈ ಚೀಟಿ ಅಂಗಡ್ಯಾಗಿತ್ತೋ, ನಿನ್ನ ಕಿಸೇದಾಗ ಇತ್ತೋ?"